ಅಟ್ಟದ ಕಾಯಿ, ಅಪ್ಪನ ನಾಡಿ

ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು ನಾನು. ಇಂಥದ್ದನ್ನು ಬೇರೆಯವರು ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಈಗಲೂ ನನ್ನ ನೆನಪಿನ ಮೇಲೆ ನನಗೆ ಪೂರ್ತಿ ನಂಬಿಕೆಯಿಲ್ಲ. ಆದರೂ ನೆನಪಿರುವಷ್ಟನ್ನು ಹೇಳುತ್ತೇನೆ.

ನಾಲ್ಕು ವರ್ಷದ ಹಿಂದೆ ಅಪ್ಪ ಎರಡು ಸಲ ಕಣ್ಣು ಕತ್ತಲಿಟ್ಟು ಕುಸಿದಿದ್ದರು. ಬಟವಾಡಿಯ ಕ್ಲಿನಿಕ್ಕಿನಲ್ಲಿ ಇಸಿಜಿ ಸರಿಯಾಗಿಯೇ ಬಂತು. ಒಂದು ಬಡಿತಕ್ಕೂ ಮುಂದಿನದಕ್ಕೂ ನಡುವೆ 0.8 ಸೆಕೆಂಡು. ಅರವತ್ತನ್ನು ಅದರಿಂದ ಭಾಗಿಸಿದರೆ ನಿಮಿಷಕ್ಕೆ ಎಪ್ಪತ್ತೈದು. "ಲೆಕ್ಕ ಸರಿಯಾಗಿದೆ ಕಣಪ್ಪ, ಹೆದರಬೇಡ" ಎಂದು ನಾನೇ ಧೈರ್ಯ ಹೇಳಿದೆ. ಡಾಕ್ಟರು ಒಪ್ಪಲಿಲ್ಲ. ಇಡೀ ದಿನದ ಬಡಿತ ದಾಖಲಿಸುವ ಪುಟ್ಟ ಯಂತ್ರವನ್ನು ಅಪ್ಪನ ಎದೆಗೆ ಅಂಟಿಸಿ ಕಳಿಸಿದರು.

ಮರುದಿನ ಮಧ್ಯಾಹ್ನ ಸಿ.ಎಸ್. ಪುರದ ನಮ್ಮ ಮನೆಗೆ ಗುಬ್ಬಿಯ ಕೊಬ್ಬರಿ ವ್ಯಾಪಾರಿ ಸಾಬರು ಬಂದರು. ವರ್ಷದಿಂದ ಅಟ್ಟದಲ್ಲಿ ಒಣಗಿದ ಕಾಯಿಗಳನ್ನು ಒಡೆಯದೆಯೇ ಪರೀಕ್ಷಿಸುವುದು ಅವರ ಕಸುಬು. ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲುಗಿಸುತ್ತಾರೆ. ಕೊಬ್ಬರಿ ಚಿಪ್ಪು ಬಿಟ್ಟಿದ್ದರೆ ಒಳಗೆ 'ಟಕ್' ಎನ್ನುತ್ತದೆ. ಸಾಬರು ಅಟ್ಟದ ಮೇಲೆ, ಅಪ್ಪ ಕೆಳಗೆ ನಡುಮನೆಯ ಕುರ್ಚಿಯಲ್ಲಿ. ನಡುವೆ ದಪ್ಪ ಹಲಗೆ. ನಾನು ಸುಮ್ಮನಿರಲಾರದೆ ಅಪ್ಪನ ನಾಡಿ ಹಿಡಿದಿದ್ದೆ.

"ಏನ್ ಸಾಬ್ರೇ, ಪಾಸಾ ಫೇಲಾ?" ಅಪ್ಪ ಕೂಗಿದರು.

"ಕಾಯೆಲ್ಲ ಪಾಸು ಗೌಡ್ರೇ. ನಿಮ್ದು ಮೇಷ್ಟ್ರು ಹೇಳ್ಬೇಕು, ಬುಡಿ!"

ಟಕ್. ಟಕ್. ಇದ್ದಕ್ಕಿದ್ದಂತೆ ಮೇಲಿನ ಸದ್ದು ನಿಂತಿತು. ನನ್ನ ಬೆರಳಡಿಯ ನಾಡಿಯೂ ನಿಂತಿತ್ತು. ಅಪ್ಪನ ತಲೆ ವಾಲಿತು. ಎರಡು ಬಡಿತಗಳ ನಡುವೆ ಅಷ್ಟು ಜಾಗ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಆಮೇಲೆ ಅಟ್ಟದಿಂದ ಒಂದೇ ಒಂದು 'ಟಕ್'. ಬೆರಳಡಿ ನಾಡಿ ಹೊಡೆಯಿತು.

ಸಾಬರು ಏಣಿ ಇಳಿದು ಬರುವಷ್ಟರಲ್ಲಿ ಅಪ್ಪ ಕಣ್ಣು ಬಿಟ್ಟಿದ್ದರು.

"ಯಾಕೆ ನಿಲ್ಸಿದ್ರಿ ಸಾಬ್ರೇ?" ಎಂದೆ.

"ಕೆಳಗೆ ನಿಂತೋಯ್ತಲ್ಲ ಮೇಷ್ಟ್ರೇ. ನಿಮ್ಗೆ ಕೇಳಿಸ್ಲಿಲ್ವಾ?"

ಯಂತ್ರದ ದಾಖಲೆಯಲ್ಲಿ ಆ ಹೊತ್ತಿಗೆ ಆರು ಸೆಕೆಂಡಿನ ಸಂದು ಸಿಕ್ಕಿತು. ಎಲ್ಲ ಸಂದೂ ಹಾಗೇ ಇದ್ದಿದ್ದರೆ ನಿಮಿಷಕ್ಕೆ ಹತ್ತೇ ಬಡಿತ. ಇಡೀ ದಿನದ ಸರಾಸರಿ ಮಾತ್ರ ಎಪ್ಪತ್ತೆರಡು! ಅಪ್ಪನಿಗೆ ಪೇಸ್‌ಮೇಕರ್ ಹಾಕಿದರು. ಈಗ ತೋಟ ಸುತ್ತಿ ಬರುತ್ತಾರೆ.

ಸಾಬರಿಗೆ ಅದು ಕೇಳಿಸಿದ್ದು ಹೇಗೆ? ಕೊನೆಯ ಆ 'ಟಕ್' ಮೊದಲೋ, ನಾಡಿ ಮೊದಲೋ? ಒಂದು ದಿನ ಟಕ್ ಮೊದಲೆಂದು ಆಣೆ ಇಟ್ಟು ಹೇಳಬಲ್ಲೆ; ಮರುದಿನ ಅದೇ ಸುಳ್ಳೆನಿಸುತ್ತದೆ. ದಾಖಲೆಯ ಹಾಳೆಗಳನ್ನು ಎಷ್ಟು ಸಲ ತೆಗೆದು ನೋಡಿದ್ದೇನೋ. ಅಪ್ಪನ ಆ ದಿನದ ಒಂದೊಂದು ಬಡಿತವೂ ಅದರಲ್ಲಿದೆ. ಕಾಯಿಯ ಸದ್ದು ಮಾತ್ರ ಇಲ್ಲ.