ಅಳಿವೆಯ ಆಚೆಗಿನ ಪದ

ಬೆಂಗ್ರೆಯ ಜಲಜಳಿಗೆ ಕರಿಪಾರಿನ ಪದ ಅರ್ಧ ಮಾತ್ರ ಹಾಡಲು ಬರುತ್ತಿತ್ತು. ಅದಕ್ಕೆ ಕಾರಣ ಗಾಳಿ.

ಕರಿಪಾರು ಕಡಲ ನಡುವಿನ ಪುಟ್ಟ ದ್ವೀಪ. ಎಂದೋ ಕುದಿದು ಹರಿದ ಲಾವಾ ಆರಿ, ಕಂಬ ಕಂಬವಾಗಿ ಸೀಳಿ ನಿಂತ ಕಪ್ಪು ಬಂಡೆ. ದೋಣಿ ಒಡೆದಾಗ ಹಿರಿಯರು ಅದನ್ನು ಅಪ್ಪಿ ಹಿಡಿದು ಬದುಕಿದರೆಂದು ಊರಿನ ನಂಬಿಕೆ. ಮಳೆಗಾಲ ಕಳೆದು ಮೀನುಗಾರಿಕೆ ಶುರುವಾಗುವ ಮೊದಲು ಅಲ್ಲಿಗೆ ಹಾಲು, ತೆಂಗಿನಕಾಯಿ ಒಯ್ಯುತ್ತಾರೆ. ಆ ದಿನ ಮೋಟರ್ ಹಚ್ಚುವಂತಿಲ್ಲ. ಪದ ಹೇಳುತ್ತ, ಅದರ ಲಯಕ್ಕೆ ಹುಟ್ಟು ಹಾಕುತ್ತ ಹೋಗಬೇಕು. ಹೆಂಗಸರು ದಡದಲ್ಲೇ ನಿಲ್ಲುತ್ತಾರೆ. ಹೊಳೆ ಕಡಲು ಸೇರುವ ಅಳಿವೆಯನ್ನು ದೋಣಿ ದಾಟಿತೆಂದರೆ ಗಾಳಿಯಲ್ಲಿ ಪದ ದಡದವರ ಕಿವಿಗೆ ಬೀಳುವುದಿಲ್ಲ. ಜಲಜ ಕೇಳಿ ಕಲಿತದ್ದು ಅಲ್ಲಿಯವರೆಗಿನದ್ದು.

ಪದ ಹೇಳುತ್ತಿದ್ದವನು ಅವಳ ಗಂಡನ ಅಣ್ಣ ಕುಷ್ಟ. ಈ ವರ್ಷ ಗಂಟಲಿನ ಆಪರೇಷನ್ ಆಗಿ ಅವನಿಗೆ ಉಳಿದದ್ದು ಪಿಸುಮಾತು.

"ಪದ ಇಲ್ದಿರೆ ಮೋಟರಲ್ಲೇ ಹೋಪ," ಎಂದ ಹುಟ್ಟು ಹಾಕುವ ಸುಜನ್.

"ನಾ ಹೇಳ್ತೆ," ಎಂದಳು ಜಲಜ.

"ಜಲಜಕ್ಕ, ನಿಂಗ್ ಬಪ್ದ್ ಅರ್ಧ. ಬಾಕಿ ಅರ್ಧ ಬಂಗ್ಡಿ ಮೀನ್ ಹತ್ರ ಕೇಂತ್ಯಾ?"

"ಅರ್ಧ ಆದ್ರೂ ಬತ್ತ್ ಮಾರಾಯ. ನಿನ್ ಮೋಟರಿಗೆ ಬುರ್ ಬುರ್ ಬಿಟ್ರೆ ಎಂತ ಬತ್ತ್?"

ಗಂಡಸರು ನಕ್ಕರು. ಹೆಣ್ಣು ದೋಣಿ ಹತ್ತುವುದುಂಟೇ ಎಂದು ಯಾರೋ ಗೊಣಗಿದರು. ದೋಣಿಯ ಮುಂದಿನ ಹಲಗೆಯಲ್ಲಿ ಕೂತಿದ್ದ ಕುಷ್ಟ ಕೊಂಚ ಸರಿದು, ಪಕ್ಕದ ಜಾಗವನ್ನು ಕೈಯಿಂದ ತಟ್ಟಿದ. ಜಲಜ ಸೀರೆ ಎತ್ತಿ ಕಟ್ಟಿ ಹತ್ತಿದಳು.

ಅಳಿವೆಯವರೆಗೆ ಅವಳು ಎಲ್ಲಿಯೂ ತಡವರಿಸಲಿಲ್ಲ. ಅದರಾಚೆ ಕುಷ್ಟ ಅವಳ ಕಿವಿಗೆ ಬಾಗಿ ಒಂದೊಂದೇ ಸಾಲು ಉಸುರಿದ. ಅವಳು ಎತ್ತಿ ಹೇಳಿದಳು. ಆ ಅರ್ಧದಲ್ಲಿ ಇದ್ದದ್ದು ಹೆಸರುಗಳು, ಕಡಲಿಗೆ ಹೋಗಿ ಮರಳದವರದ್ದು. ಪದ ಹೇಳುವವರು ತಮ್ಮ ಕಾಲದವರನ್ನು ಸೇರಿಸುತ್ತ ಬಂದಿದ್ದರು.

ಬಂಡೆ ಹತ್ತಿರವಾದಾಗ ಕುಷ್ಟ ಅವಳ ಮುಖ ನೋಡಿದ. ಆಮೇಲೆ ಹೇಳಿದ: ರತ್ನ. ಗಂಗೊಳ್ಳಿಯ ಬೋಟಿನಲ್ಲಿ ಹೋಗಿ ಬಾರದ ಜಲಜಳ ಗಂಡ ಅವನು. ಅವನ ಹೆಸರು ಪದಕ್ಕೆ ಸೇರಿದ್ದು ದೋಣಿಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವಳಿಗೆ ಯಾರೂ ಹೇಳಿರಲಿಲ್ಲ.

ಗಂಡನ ಹೆಸರನ್ನು ಅವಳು ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. ಪದ ಅಲ್ಲೇ ತುಂಡಾಯಿತು. ಎತ್ತಿದ ಹುಟ್ಟುಗಳು ಹಾಗೆಯೇ ನಿಂತವು. ದೋಣಿ ಅಡ್ಡ ತಿರುಗತೊಡಗಿತು.

"ಬ್ಯಾಡ್ದಿರೆ ಬಿಡ್ ಅಕ್ಕ," ಎಂದ ಸುಜನ್ ಹಿಂದಿನಿಂದ.

"ನೀ ಹುಟ್ಟ್ ಹಾಕ್," ಎಂದಳು ಜಲಜ. ಮತ್ತೆ ಪದ ಎತ್ತಿಕೊಂಡು, ಉಳಿದ ಹೆಸರುಗಳನ್ನು ಹೇಳಿದ ಸ್ವರದಲ್ಲೇ ಅದನ್ನೂ ಹೇಳಿದಳು.