ಹೊಟ್ಟೆಗೆ ಕಿವಿಯಿಟ್ಟಾಗ ಕೇಳಿದ ಮಾತು

ದೆವ್ವ, ಗಾಳಿ, ಮೈಮೇಲೆ ಬರುವುದು, ಇಂಥವನ್ನು ನಾನು ನಂಬಿದವಳಲ್ಲ. ನಂಬದಿರುವುದಕ್ಕೆ ನನ್ನ ಬಳಿ ಕಾರಣವೂ ಇತ್ತು. ಗಾಳಿ ಹೊಕ್ಕಿದೆ ಎಂದು ತೋಳಿಗೆಲ್ಲ ತಾಯಿತ ಕಟ್ಟಿಸಿಕೊಂಡು, ಹಲ್ಲು ಕಚ್ಚಿ, ಕೈಕಾಲು ಸೆಟೆದುಕೊಂಡು ಬರುತ್ತಿದ್ದ ಬಸುರಿಯರನ್ನು ವಾರ್ಡಿನಲ್ಲಿ ಎಷ್ಟೋ ಸಲ ಕಂಡಿದ್ದೆ. ಅದು ರಕ್ತದೊತ್ತಡ ಏರಿ ಬರುವ ಫಿಟ್ಸು. ಸರಿಯಾದ ಹೊತ್ತಿಗೆ ಇಂಜೆಕ್ಷನ್ ಬಿದ್ದರೆ ಆ ಗಾಳಿ ಎಲ್ಲಿಗೆ ಹೋಯಿತೋ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಈಗ ನಾನು ಹೇಳಲಿರುವುದನ್ನು ಬೇರೆ ಯಾರಾದರೂ ಬರೆದಿದ್ದರೆ ಅರ್ಧಕ್ಕೇ ಪುಟ ತಿರುವಿಬಿಡುತ್ತಿದ್ದೆ. ನೀವೂ ಹಾಗೆ ಮಾಡಿದರೆ ನನಗೆ ಬೇಸರವಿಲ್ಲ.

ನಮ್ಮದು ಅಣ್ಣಿಗೇರಿ. ಎಂಬತ್ತರ ದಶಕದ ನಡುವಿನ ವರ್ಷಗಳಲ್ಲಿ ನಾನು ನರ್ಸಿಂಗ್ ಮುಗಿಸಿ ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದೆ. ಆಗ ಅಲ್ಲಿ ನರ್ಸುಗಳಿಗಾಗಿ ಒಂದು ವರ್ಷದ ವಿಶೇಷ ತರಬೇತಿ ಆರಂಭಿಸಿದರು. ಡಾಕ್ಟರಿಲ್ಲದ ಹಳ್ಳಿಯಲ್ಲಿ ಬಸುರಿಯನ್ನು ನರ್ಸೇ ಪೂರ್ತಿ ಪರೀಕ್ಷೆ ಮಾಡಿ, ಇಲ್ಲೇ ಇರಲಿ ಅಥವಾ ದೊಡ್ಡ ಆಸ್ಪತ್ರೆಗೆ ಹೋಗಲಿ ಎಂದು ತಾನೇ ತೀರ್ಮಾನ ಮಾಡುವಷ್ಟು ಕಲಿಸುವ ತರಬೇತಿ ಅದು. ನಾನು ಅರ್ಜಿ ಹಾಕಿದೆ. ವಾರ್ಡಿಗೆ ಹಳ್ಳಿಯಿಂದ ಬರುವವರು ಬರುತ್ತಿದ್ದದ್ದೇ ತಡವಾಗಿ. "ಮುಂಜಾನಿಗೇ ಯಾರರ ಹೇಳಿದ್ರ ಬರ್ತಿದ್ವಿರಿ" ಎಂದು ಹೆಣದ ಕಾಲ ಬಳಿ ನಿಂತು ಹೇಳುವವರನ್ನು ನೋಡಿ ನೋಡಿ ನನಗೆ ಸಾಕಾಗಿತ್ತು. ಹೊತ್ತಿಗೆ ಮುಂಚೆ ಹೋಗಿ ಎಂದು ಅವರಿಗೆ ಹೇಳುವವಳು ನಾನಾಗಬೇಕು ಅನಿಸಿತ್ತು.

ಮನೆಯಲ್ಲಿ ಇದು ಹಿಡಿಸಲಿಲ್ಲ. ಗದಗಿನ ಕಡೆಯ ಒಂದು ಸಂಬಂಧ ಮಾತಿನಲ್ಲಿತ್ತು. "ಕಲತದ್ದು ಸಾಲಲಿಲ್ಲೇನವಾ? ಮತ್ತೊಂದು ವರ್ಷ ಅಂದ್ರ ಆ ಮನಿಯವ್ರು ಎಲ್ಲಿತನಾ ಕಾಯಬೇಕು?" ಎಂದು ಅಪ್ಪ ಕೇಳಿದರು. "ಕಾಯದಿದ್ರ ಬಿಡ್ಲಿ ಬಿಡಪ್ಪಾ" ಎಂದುಬಿಟ್ಟೆ. ಅವರು ಕಾಯಲಿಲ್ಲ. ಅಪ್ಪ ಬಹಳ ದಿನ ನನ್ನ ಜೊತೆ ಮಾತು ಬಿಟ್ಟಿದ್ದರು. ಇಷ್ಟಾದ ಮೇಲೆ ಆ ತರಬೇತಿಯಲ್ಲಿ ನಪಾಸಾಗಿ ಮನೆಗೆ ಹೋಗುವುದು ನನ್ನಿಂದ ಆಗದ ಮಾತಾಗಿತ್ತು.

ನಮಗೆ ಕಲಿಸುತ್ತಿದ್ದವರು ಸೆಲಿನ್ ಸಿಸ್ಟರ್. ಮಂಗಳೂರಿನ ಕಡೆಯವರು, ಮನೆಮಾತು ಕೊಂಕಣಿ. ತೆಳ್ಳಗೆ, ನೆಟ್ಟಗೆ, ನಕ್ಕಿದ್ದು ನಾನು ಕಂಡಿರಲಿಲ್ಲ. ಹೊಟ್ಟೆ ಮುಟ್ಟಿ ನೋಡುವಾಗ ನಮ್ಮ ಕಣ್ಣು ಮುಚ್ಚಿಸುತ್ತಿದ್ದರು. "ಕೈ ನೋಡ್ಲಿ, ಕಣ್ಣಿಗೆ ಇಲ್ಲಿ ಕೆಲಸ ಇಲ್ಲ" ಎನ್ನುತ್ತಿದ್ದರು. ಯಾರನ್ನಾದರೂ ಆಸ್ಪತ್ರೆಗೆ ಕಳಿಸಬೇಕು ಎಂದರೆ ಅದಕ್ಕೆ ಕಾರಣ ಹೇಳಲೇಬೇಕಿತ್ತು. "ಕಾರಣ ಹೇಳ್ಲಿಕ್ಕೆ ಆಗದಿದ್ರೆ ಅದು ತೀರ್ಮಾನ ಅಲ್ಲ, ಹೆದರಿಕೆ. ಹೆದರುವವರು ನನಗೆ ಬೇಡ." ಈ ಮಾತನ್ನು ನಾವು ಬೆನ್ನ ಹಿಂದೆ ಅವರದೇ ಧಾಟಿಯಲ್ಲಿ ಆಡಿ ನಗುತ್ತಿದ್ದೆವು.

ಕೊನೆಯ ಕೆಲವು ತಿಂಗಳು ಹಳ್ಳಿಯ ಕೆಲಸ. ನನ್ನನ್ನು ನವಲಗುಂದದಿಂದ ಯಮನೂರಿನ ಕಡೆ ಹೋಗುವ ರಸ್ತೆಯಿಂದ ಒಳಗೆ ಇರುವ ಒಂದು ಹಳ್ಳಿಗೆ ಹಾಕಿದರು. ಎರಿಮಣ್ಣಿನ ಊರು. ಮಳೆ ಬಿದ್ದರೆ ಆ ಕರಿ ಮಣ್ಣು ಚಪ್ಪಲಿಗೆ ಮೆತ್ತಿಕೊಂಡು ಕಾಲು ಎತ್ತಲಿಕ್ಕೆ ಬಿಡುತ್ತಿರಲಿಲ್ಲ, ಜೀಪೂ ಬರುತ್ತಿರಲಿಲ್ಲ. ಡಾಂಬರು ರಸ್ತೆ ಮುಟ್ಟಬೇಕೆಂದರೆ ಎತ್ತಿನ ಗಾಡಿಯೇ ಗತಿ. ಊರಿನ ತುದಿಯಲ್ಲಿ ಎರಡು ಕೋಣೆಯ ಆರೋಗ್ಯ ಕೇಂದ್ರ. ವಾರಕ್ಕೊಮ್ಮೆ ಬಸುರಿಯರ ತಪಾಸಣೆ.

ಮಳೆ ಬಿದ್ದು ಹಿಂಗಾರಿ ಬಿತ್ತಿಗೆ ನಡೆದಿದ್ದ ದಿನಗಳು. ಅವತ್ತು ನನ್ನ ಕೆಲಸ ನೋಡಿ ಅಂಕ ಹಾಕಲು ಸೆಲಿನ್ ಸಿಸ್ಟರ್ ಬಂದಿದ್ದರು. ಮೂಲೆಯಲ್ಲಿ ಒಂದು ಸ್ಟೂಲಿನ ಮೇಲೆ ಕೂತು, ಬೆಳಗಿನಿಂದ ನನ್ನ ಕೈಯನ್ನೇ ನೋಡುತ್ತಿದ್ದರು. ಎಲ್ಲರೂ ಹೋದ ಮೇಲೆ, ಮಧ್ಯಾಹ್ನ ನೀಲವ್ವ ಎಂಬಾಕೆ ಬಂದಳು. ಎರಡನೆಯ ಬಸಿರು, ಹೆರಿಗೆಗೆ ಇನ್ನೂ ತಿಂಗಳಿತ್ತು. ಅತ್ತೆ ಗಂಗವ್ವ ಜೊತೆಗೆ ಬಂದಿದ್ದಳು, ಆದರೆ ಒಳಗೆ ಬರದೆ ಹೊರಗಿನ ಕಟ್ಟೆಯ ಮೇಲೆ ಕೂತು ಅಡಕೊತ್ತಿನಲ್ಲಿ ಅಡಿಕೆ ಕತ್ತರಿಸುತ್ತಿದ್ದಳು.

ರಕ್ತದೊತ್ತಡ ಸರಿಯಿತ್ತು. ಕಾಲು ಬಾತಿರಲಿಲ್ಲ. ಕಣ್ಣು ಮುಚ್ಚಿ ಹೊಟ್ಟೆಯ ಮೇಲೆ ಕೈಯಾಡಿಸಿದೆ. ಕೂಸು ನೆಟ್ಟಗಿತ್ತು. ತಲೆ ಕೆಳಮುಖವಾಗಿದ್ದರೂ ಸೊಂಟದೊಳಕ್ಕೆ ಇಳಿಯದೆ ಇನ್ನೂ ಮೇಲೆಯೇ ತೇಲುತ್ತಿತ್ತು, ಆದರೆ ಎರಡನೆಯ ಬಸಿರಿನಲ್ಲಿ ಅದು ಸಾಮಾನ್ಯ. ಎಲ್ಲವನ್ನೂ ಬಾಯಿಬಿಟ್ಟು ಹೇಳುತ್ತ ಹೋದೆ. ಸಿಸ್ಟರ್ ತಲೆಯಾಡಿಸಿದರು. ಉಳಿದದ್ದು ಕೂಸಿನ ಎದೆಬಡಿತ ಕೇಳುವುದು. ಅದಕ್ಕೆ ಆಗ ನಮ್ಮ ಬಳಿ ಇದ್ದದ್ದು ಸಣ್ಣ ಕಹಳೆಯಂಥ ಅಲ್ಯುಮಿನಿಯಂ ಕೊಳವೆ. ಅಗಲವಾದ ಬಾಯಿ ಹೊಟ್ಟೆಯ ಮೇಲೆ, ಇನ್ನೊಂದು ತುದಿಗೆ ನಮ್ಮ ಕಿವಿ.

ಬಗ್ಗಿ ಕಿವಿಯಿಟ್ಟೆ. ಎದೆಬಡಿತ ತಕ್ಷಣ ಸಿಕ್ಕಿತು. ಚುರುಕಾಗಿ, ಸ್ಪಷ್ಟವಾಗಿ ಬಡಿಯುತ್ತಿತ್ತು. ಗಡಿಯಾರ ನೋಡುತ್ತ ಎಣಿಸತೊಡಗಿದೆ. ಆಗ ಆ ಬಡಿತದ ನಡುವೆ ಒಬ್ಬ ಹೆಂಗಸು ಹೇಳಿದಳು: "ಗಾಡಿ ಹೂಡ್ರಿ."

ನಾನು ಕಿವಿ ತೆಗೆಯಲಿಲ್ಲ. ತೆಗೆಯಲಾಗಲಿಲ್ಲ ಎನ್ನುವುದೇ ಸರಿ. ಎದೆಬಡಿತ ಹಾಗೆಯೇ ನಡೆದಿತ್ತು. ಮತ್ತೊಮ್ಮೆ ಅದೇ ಧ್ವನಿ, ಅದೇ ಮಾತು: "ಗಾಡಿ ಹೂಡ್ರಿ." ಕಿರುಚಾಟವಲ್ಲ, ಪಿಸುಮಾತೂ ಅಲ್ಲ. ವಯಸ್ಸಾದ ಹೆಂಗಸೊಬ್ಬಳು ಪಕ್ಕದ ಕೋಣೆಯಿಂದ ಮನೆಯ ಗಂಡಸರಿಗೆ ಕೆಲಸ ಹೇಳಿದ ಹಾಗೆ. ತಲೆಯೆತ್ತಿದಾಗ ಕೊಳವೆ ಜಾರಿ ಕೆಳಗೆ ಬಿದ್ದು ಫರಸಿಕಲ್ಲಿನ ನೆಲದ ಮೇಲೆ ಉರುಳಿತು.

ನೀಲವ್ವ ನಾಚಿಕೆಗೆ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಮೇಲಿನ ಮಾಡನ್ನು ನೋಡುತ್ತಿದ್ದಳು. "ಏನರ ಅಂದೇನವಾ ನೀನು?" ಎಂದೆ. ಸೆರಗು ಬಿಟ್ಟು, "ಇಲ್ರೀ ಅಕ್ಕಾರ. ಯಾಕ್ರಿ, ಕೂಸು ಅರಾಮ ಐತಿಲ್ರಿ?" ಎಂದಳು. ಬಾಗಿಲಿಗೆ ಹೋಗಿ ನೋಡಿದೆ. ಗಂಗವ್ವನ ಬಾಯಿ ತುಂಬ ಎಲೆಯಡಿಕೆ. ರಸ್ತೆಯ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ.

ಸೆಲಿನ್ ಸಿಸ್ಟರ್ ಎದ್ದು ಬಂದರು. ಕೊಳವೆ ಎತ್ತಿಕೊಂಡು, ಒರೆಸಿ, ನಾನು ಇಟ್ಟ ಜಾಗದಲ್ಲಿಯೇ ಇಟ್ಟು ಬಗ್ಗಿದರು. ಎಣಿಸಲು ಬೇಕಾದದ್ದಕ್ಕಿಂತ ಬಹಳ ಹೊತ್ತು ಹಾಗೇ ಇದ್ದರು. ಆಮೇಲೆ ನೆಟ್ಟಗಾಗಿ, ಕಿಟಕಿಯ ಕಡೆ ತಿರುಗಿ, "ಎದೆಬಡಿತ ಚೆನ್ನಾಗುಂಟು. ನಿನ್ನ ತೀರ್ಮಾನ ಹೇಳು" ಎಂದರು.

ಎಲ್ಲ ಸರಿಯಿದೆ, ಮುಂದಿನ ವಾರ ಬಾ ಎನ್ನಬೇಕಾದ ಜಾಗ ಅದು. ನಾನು, "ಇವತ್ತೇ ಹುಬ್ಬಳ್ಳಿಗೆ ಹೋಗಬೇಕು" ಎಂದೆ.

ಗಂಗವ್ವ ಉಗುಳಿ ಎದ್ದು ಒಳಗೆ ಬಂದಳು. "ಅಲ್ರೀ ಬಾಯಾರ, ಇನ್ನೂ ತಿಂಗಳ ಐತಿ ಅಂತ ನೀವ ಹೇಳೀರಿ. ಮುಂಜಾನಿ ಬಾವ್ಯಾಗಿಂದ ನೀರು ಹೊತ್ತಾಳ, ರೊಟ್ಟಿ ಬಡದಾಳ. ಏನಾಗೇತಿ ಅಕೀಗೆ? ಬಿತ್ತಿಗಿ ಬಿಡಿಸಿ ಎತ್ತು ಗಾಡಿಗೆ ಹಚ್ಚು ಅಂದ್ರ ನನ್ನ ಮಗ ಸುಮ್ನ ಇರ್ತಾನೇನ್ರಿ?"

"ತಲಿ ಇನ್ನೂ ಮ್ಯಾಲೆ ಐತಿ ಎವ್ವಾ" ಎಂದೆ. ಅದು ಕಾರಣವೇ ಅಲ್ಲವೆಂದು ನನಗೂ ಗೊತ್ತಿತ್ತು, ಸಿಸ್ಟರಿಗೂ ಗೊತ್ತಿತ್ತು. ಈಗ ಎಲ್ಲರ ಮುಂದೆ ನನ್ನನ್ನು ಸುಲಿಯುತ್ತಾರೆ ಎಂದು ಕಾದೆ. ಅವರು ಕಿಟಕಿಯ ಕಡೆಯಿಂದ ತಿರುಗದೆಯೇ, "ಅವಳು ಹೇಳಿದ ಹಾಗೆ ಮಾಡಿ. ನಾನೂ ಬರ್ತೇನೆ" ಎಂದರು.

ನೀಲವ್ವನ ಗಂಡ ಈರಪ್ಪ ಹೊಲದಿಂದ ಸಿಟ್ಟಿನಲ್ಲೇ ಬಂದ. ಆದರೆ ಇಬ್ಬರು ಸಿಸ್ಟರುಗಳು ಜೊತೆಗೆ ಹೊರಟು ನಿಂತದ್ದನ್ನು ಕಂಡು ಗಾಡಿಗೆ ಹುಲ್ಲು ಹಾಸಿ ಮೇಲೆ ಕೌದಿಯ ಹೊದಿಕೆ ಹರವಿದ. ಗಾಲಿಗೆ ಕೆಸರು ಮೆತ್ತಿ ಮೆತ್ತಿ ಎತ್ತುಗಳು ನಿಂತು ನಿಂತು ನಡೆದವು. ದಾರಿಯುದ್ದಕ್ಕೂ ನೀಲವ್ವ ಆರಾಮಾಗಿ ಮಾತಾಡುತ್ತಿದ್ದಳು. ಡಾಂಬರು ರಸ್ತೆಗೆ ಬಂದು ಹತ್ತಿದ ಬಸ್ಸಿನಲ್ಲಿ ಹಿಂದಿನ ಉದ್ದ ಸೀಟಿನ ಮೇಲೆ ಮಲಗಿಸಿದರೆ, "ಎಲ್ಲಾರೂ ನೋಡಾಕತ್ತಾರ, ಕುಂಡರತೀನ್ರಿ" ಎಂದು ನಗುತ್ತಿದ್ದಳು. ಗಂಗವ್ವ ನನ್ನ ಮುಖವನ್ನೂ ನೋಡಲಿಲ್ಲ. ಇನ್ನು ಮುಂದೆ ಆ ಊರಿನ ಒಬ್ಬ ಹೆಂಗಸೂ ನನ್ನ ಮಾತು ಕೇಳುವುದಿಲ್ಲ ಅನಿಸಿತು.

ದೀಪ ಹಚ್ಚುವ ಹೊತ್ತಿಗೆ, ಹುಬ್ಬಳ್ಳಿಯಲ್ಲಿ ಬಸ್ಸಿಳಿದು ಹಿಡಿದ ಟಾಂಗಾ ಆಸ್ಪತ್ರೆಯ ಮುಂದೆ ನಿಂತಿತು. ನೀಲವ್ವ ಒಂದು ಕಾಲು ಕೆಳಗಿಟ್ಟಳು. "ಅಕ್ಕಾರ, ಏನೋ ಹನಿಯಾಕತ್ತೇತ್ರಿ" ಎಂದಳು. ನೋವಿಲ್ಲ, ನರಳಿಕೆಯಿಲ್ಲ. ಬಗ್ಗಿ ನೋಡಿದರೆ ರಕ್ತ. ಹನಿಯಲ್ಲ, ನಲ್ಲಿ ಬಿಚ್ಚಿದ ಹಾಗೆ. ಸೀರೆ, ಟಾಂಗಾದ ಮೆಟ್ಟಿಲು, ನನ್ನ ಕೈ ಎಲ್ಲ ಕ್ಷಣದಲ್ಲಿ ಕೆಂಪಾದವು. ಗಂಗವ್ವ "ನನ್ನ ಸೊಸೀನ್ನ ಉಳಿಸ್ರೆವ್ವಾ" ಎಂದು ಕೂಗಿದ್ದು ಓಣಿಗೆಲ್ಲ ಕೇಳಿಸಿರಬೇಕು. ಸ್ಟ್ರೆಚರ್ ಹತ್ತು ಹೆಜ್ಜೆಯಲ್ಲಿತ್ತು. ಆಪರೇಶನ್ ಕೋಣೆಗೆ ಹೋಗುವಷ್ಟರಲ್ಲಿ ನೀಲವ್ವನ ತುಟಿ ಬಿಳಿಚಿ ಮಾತು ನಿಂತಿತ್ತು. ಈರಪ್ಪ ರಕ್ತ ಕೊಟ್ಟ. ಸೆಲಿನ್ ಸಿಸ್ಟರ್ ಕೊಟ್ಟರು. ಹೊಟ್ಟೆ ಕೊಯ್ದು ಕೂಸನ್ನು ತೆಗೆದರು. ಅಂಗೈಯಗಲದ ಹೆಣ್ಣು ಕೂಸು, ಆದರೆ ಅತ್ತಿತು. ತಾಯಿಯೂ ಉಳಿದಳು.

ಆಪರೇಶನ್ ಮಾಡಿದ ಡಾಕ್ಟರಮ್ಮ ಹೊರಗೆ ಬಂದು, "ಮಾಸು ಗರ್ಭದ ಬಾಯಿಗೇ ಅಡ್ಡ ಕೂತಿತ್ತು. ಗಾಡಿಯಲ್ಲಿ ಇದ್ದಾಗ ರಕ್ತ ಹೋಗೋದು ಶುರುವಾಗಿದ್ದರೂ ತಾಯಿ-ಕೂಸು ಇಬ್ಬರೂ ಕೈಗೆ ಸಿಗ್ತಿರಲಿಲ್ಲ. ಹಳ್ಳಿಯಲ್ಲಿ ಇದನ್ನ ಹೇಗೆ ಹಿಡಿದ್ರಿ?" ಎಂದು ಕೇಳಿದರು. ಹೊಟ್ಟೆಯೊಳಗನ್ನು ತೋರಿಸುವ ಯಂತ್ರಗಳು ಆಗ ನಮ್ಮ ಕಡೆ ಇರಲಿಲ್ಲ. ಮಾಸು ಅಡ್ಡವಿದ್ದರೂ ಕೂಸಿನ ತಲೆ ಕೆಳಗಿಳಿಯುವುದಿಲ್ಲ, ಹಾಗಾಗಿ ತಲೆ ಮೇಲಿತ್ತು ಎಂದೆ. ಅವರು ನನ್ನ ಬೆನ್ನು ತಟ್ಟಿದರು. ನಾನು ಅಲ್ಲೇ ಬೆಂಚಿನ ಮೇಲೆ ಕೂತೆ. ಕೈಯ ರಕ್ತ ತೊಳೆದುಕೊಳ್ಳುವುದೂ ಹೊಳೆಯಲಿಲ್ಲ.

ಕೆಲವು ದಿನಗಳ ಮೇಲೆ ವಾರ್ಡಿನಲ್ಲಿ ನೀಲವ್ವನನ್ನು ಮೆಲ್ಲಗೆ ಕೇಳಿದೆ, ಅವತ್ತು ನಾವು ಹೊಟ್ಟೆ ನೋಡುವಾಗ ನಿನಗೇನಾದರೂ ಕೇಳಿಸಿತ್ತೇ ಎಂದು. "ಏನೂ ಕೇಳಿಲ್ರೀ" ಎಂದಳು. "ಒಂದು ಖರೇ. ನೀವು ಕಿವಿ ಇಟ್ಟಾಗ ಕೂಸು ಒದಿಯೂದು ಬಿಟ್ಟು ಅಗದಿ ಸುಮ್ನ ಆತ್ರಿ. ಆ ದೊಡ್ಡ ಬಾಯಾರು ಇಟ್ಟಾಗೂ ಹಂಗ ಆತು" ಎಂದಳು. ಅದಕ್ಕೆ ನಾನೇನೂ ಅರ್ಥ ಕಟ್ಟಲಿಲ್ಲ. ಹೊಟ್ಟೆ ಒತ್ತಿದಾಗ ಕೂಸು ಸುಮ್ಮನಾಗುವುದುಂಟು.

ನನಗೆ ನಾನೇ ಒಂದು ಸಮಾಧಾನ ಹೇಳಿಕೊಂಡಿದ್ದೆ. ತಲೆ ಮೇಲಿದ್ದದ್ದು ಮತ್ತು ಇನ್ನೇನೋ ಸಣ್ಣ ಸೂಚನೆ ನನ್ನ ಕೈಗೆ ತಿಳಿದಿರಬೇಕು, ಬುದ್ಧಿಗೆ ತಿಳಿಯುವ ಮೊದಲೇ ಮನಸ್ಸು ಅದನ್ನು ಮಾತಾಗಿ ಮಾಡಿ ಕಿವಿಯಲ್ಲಿ ಹೇಳಿರಬೇಕು. ಬೆಳಗಿನಿಂದ ಊಟವಿಲ್ಲ, ಪರೀಕ್ಷೆಯ ಆತಂಕ ಬೇರೆ. ಒಪ್ಪಬಹುದಾದ ವಿವರಣೆ. ಅದನ್ನು ಹಿಡಿದುಕೊಂಡೇ ನಾನು ತರಬೇತಿ ಮುಗಿಸಿದೆ. ಕೇಳಿದ ಧ್ವನಿಯ ವಿಷಯ ಯಾರಿಗೂ, ಅವ್ವನಿಗೂ ಹೇಳಿರಲಿಲ್ಲ.

ಕೊನೆಯ ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಡಾಕ್ಟರು ಈ ಪ್ರಕರಣವನ್ನೇ ಕೇಳಿದರು. ನಾನು ತಲೆಯ ವಿಷಯ ಹೇಳಿದೆ. ಅವರು ಒಪ್ಪಿದರು. ಪಾಸಾದೆ. ಹೊರಗೆ ವರಾಂಡದಲ್ಲಿ ನೀರು ಕುಡಿಯುತ್ತಿದ್ದಾಗ ಸೆಲಿನ್ ಸಿಸ್ಟರ್ ಬಂದು ನನ್ನ ಪಕ್ಕ ನಿಂತರು. ಅತ್ತ ಇತ್ತ ನೋಡಿ, ತಗ್ಗಿದ ದನಿಯಲ್ಲಿ, "ಈಗ ನಿಜ ಹೇಳು. ಅವತ್ತು ನಿನಗೆ ಎಂತ ಕೇಳಿಸ್ತು?" ಎಂದರು.

ಕೇಳಿಸಿತು ಎಂದು ಇವರಿಗೆ ಯಾರು ಹೇಳಿದರು? "ಗಾಡಿ ಹೂಡ್ರಿ ಅಂತ, ಸಿಸ್ಟರ್. ಯಾರೋ ಹೆಂಗಸು. ಎರಡು ಸಲ" ಎಂದೆ.

ಅವರು ಕತ್ತಿನ ಶಿಲುಬೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. "ನಮ್ಮ ಊರಲ್ಲಿ ಎತ್ತಿನ ಗಾಡಿ ಇಲ್ಲ" ಎಂದರು. "ನಮ್ಮ ಮನೆ ಹೊಳೆಯ ಆಚೆ. ಯಾರಿಗಾದ್ರೂ ಕಾಯಿಲೆ ಜೋರಾದ್ರೆ ದೋಣಿಯಲ್ಲೇ ಈಚೆ ದಾಟಿಸಬೇಕು. ನನಗೆ ಕೇಳಿಸಿದ್ದೂ ಹೆಂಗಸಿನ ಸ್ವರವೇ, ಆದ್ರೆ ಕೊಂಕಣಿಯಲ್ಲಿ. ದೋಣಿ ತನ್ನಿ ಅಂತ."

ಇಷ್ಟು ಹೇಳಿ ಅವರು ವಾರ್ಡಿನ ಕಡೆ ನಡೆದುಬಿಟ್ಟರು. ಆಮೇಲೆ ಎಷ್ಟೋ ವರ್ಷ ಒಂದೇ ಕಡೆ ಕೆಲಸ ಮಾಡಿದರೂ ಆ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವರು ಈಗಿಲ್ಲ. ನನಗೂ ನಿವೃತ್ತಿಯಾಗಿದೆ. ಅವತ್ತಿನಿಂದ ಕೊನೆಯ ದಿನದವರೆಗೆ ಲೆಕ್ಕವಿಲ್ಲದಷ್ಟು ಬಸುರಿಯರ ಹೊಟ್ಟೆಗೆ ಕಿವಿಯಿಟ್ಟಿದ್ದೇನೆ. ಎದೆಬಡಿತವಲ್ಲದೆ ಬೇರೇನೂ ಕೇಳಿಸಲಿಲ್ಲ. ನಾನು ಕಟ್ಟಿಕೊಂಡಿದ್ದ ಸಮಾಧಾನ ಮಾತ್ರ ಆ ವರಾಂಡದಲ್ಲಿಯೇ ಹೋಯಿತು, ಅದರ ಜಾಗಕ್ಕೆ ಬೇರೊಂದು ಸಿಗಲಿಲ್ಲ. ಆ ಧ್ವನಿಯವಳು ನನ್ನಲ್ಲಿ ಗಾಡಿ ಕೇಳಿದಳು, ಅವರಲ್ಲಿ ದೋಣಿ ಕೇಳಿದಳು. ಅವಳು ಯಾರು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.