ಹೆಚ್ಚಿಗೆ ಬಂದ ಎಲುಬು

ಬಲಗೈ ಎತ್ತಿದರೆ ನನ್ನ ನಾಡಿ ನಿಲ್ಲುತ್ತದೆ. ಇಳಿಸಿದರೆ ಮತ್ತೆ ಬಡಿಯುತ್ತದೆ. ನಂಬಿಕೆ ಬರಲಿಲ್ಲವೇ? ನಮ್ಮ ಮನೆಗೆ ಬಂದವರಿಗೂ ಬರುವುದಿಲ್ಲ. ಅದಕ್ಕೇ ಒಮ್ಮೆ ಮಣಿಕಟ್ಟು ಹಿಡಿದು ನೋಡಿಯೇ ಚಹಾ ಕುಡಿಯುತ್ತಾರೆ.

ಶುರುವಾದದ್ದು ಹಗ್ಗದ ಮೇಲೆ ಬಟ್ಟೆ ಹರವುವಾಗ. ಬೆರಳು ಬೆಳ್ಳಗಾಗಿ, ಫ್ರಿಜ್‌ನಿಂದ ತೆಗೆದ ಸೌತೆಕಾಯಿಯ ಹಾಗೆ ತಣ್ಣಗಾಗುತ್ತಿದ್ದವು. ರೊಟ್ಟಿ ಬಡಿದು ಹೀಗಾಗಿದೆ ಅಂದುಕೊಂಡೆ. (ನಮ್ಮ ಕಡೆ ಹೆಂಗಸರ ಕೈನೋವಿಗೆಲ್ಲ ಅದೊಂದೇ ಕಾರಣ.) ಜತ್ತದ ದವಾಖಾನೆಯಲ್ಲಿ ತೋರಿಸಿದರೆ ಮಿರಜಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಸ್ಕ್ಯಾನ್ ನೋಡಿ ಅಲ್ಲಿಯ ಡಾಕ್ಟರು ಉದ್ದನೆಯ ಹೆಸರು ಹೇಳಿದರು: ವ್ಯಾಸ್ಕುಲರ್ ಥೊರಾಸಿಕ್ ಔಟ್‌ಲೆಟ್ ಸಿಂಡ್ರೋಮ್.

ಅಂದರೆ, ಹುಟ್ಟುವಾಗಲೇ ನನ್ನ ಕುತ್ತಿಗೆಯ ಬುಡದಲ್ಲಿ ಪಕ್ಕೆಲುಬೊಂದು ಹೆಚ್ಚಿಗೆ ಬಂದಿದೆ. ಕೈಗೆ ಹೋಗುವ ರಕ್ತನಾಳವನ್ನು ಅದು ಒತ್ತುತ್ತಿದೆ. ಅಲ್ಲಿ ರಕ್ತ ಹೆಪ್ಪುಗಟ್ಟಿ ಕೆಳಗಿಳಿದರೆ ಬೆರಳೇ ಹೋಗಬಹುದು. ಸದ್ಯಕ್ಕೆ ಗುಳಿಗೆ. ಕೈ ಮೇಲೆತ್ತುವಂತಿಲ್ಲ. ಆಪರೇಷನ್ ಮಾಡಿ ಎಲುಬು ತೆಗೆಯುವುದು ಒಳ್ಳೆಯದು, ವಿಚಾರ ಮಾಡಿ ಹೇಳಿ ಅಂದರು.

ವಿಚಾರ ಮಾಡುವುದು ನಮ್ಮ ಮನೆಯಲ್ಲಿ ಒಬ್ಬರ ಕೆಲಸವೇ?

“ತಗಸೂದಾ?” ಅತ್ತೆ ಮೂಗಿನ ಮೇಲೆ ಬೆರಳಿಟ್ಟರು. “ದೇವರು ಹೆಚ್ಚಿಗಿ ಕೊಟ್ಟದ್ದು ಲಕ್ಷ್ಮೀ ಇದ್ದಂಗ. ನಮ್ಮ ಸಿದ್ದಪ್ಪನ ಆರನೇ ಬೆರಳ ಯಾರರೆ ತಗಸಿದ್ರೇನು?”

ಸಿದ್ದಪ್ಪ ಮಾಮಾ ಅತ್ತೆಯ ತಮ್ಮ, ಡಫಳಾಪುರದವರು. ಅವರ ಬಲಗೈಯಲ್ಲಿ ಆರು ಬೆರಳು. ಬೋರ್‌ವೆಲ್‌ಗೆ ನೀರು ಬಿದ್ದದ್ದು, ದ್ರಾಕ್ಷಿ ತೋಟ ಆದದ್ದು, ಎಲ್ಲ ಆ ಬೆರಳಿನಿಂದಲೇ ಅನ್ನುವುದು ಮನೆತನದ ನಂಬಿಕೆ. ಈಗ ನನ್ನ ಎಲುಬೂ ಆ ಸಾಲಿಗೆ ಸೇರಿತು. “ಅದಕ್ಕ ನೋಡು, ಈಕಿ ಬಂದ ಮ್ಯಾಲೆ ನಿನ್ನ ಅಂಗಡಿ ಚಲೋ ನಡದದ,” ಅಂತ ಅತ್ತೆ ಮಗನಿಗೆ ಹೇಳಿದರು.

“ಹೌದಲ್ಲ!” ಅಂದರು ನಮ್ಮ ಯಜಮಾನರು. (ಮದುವೆಯಾದಾಗಿನಿಂದ ಅಂಗಡಿಯ ಶ್ರೇಯಸ್ಸು ನನಗೆ ಸಿಕ್ಕಿದ್ದು ಅದೇ ಮೊದಲು. ಅದೂ ಎಲುಬಿಗೆ.)

ಮೊನ್ನೆ ಮಾಮಾನೇ ನೋಡಲು ಬಂದರು. ಬಿಸ್ಕೀಟ್ ಪುಡಾ ಟೀಪಾಯ್ ಮೇಲಿಟ್ಟು, “ಎಲ್ಲೆದ ಯವ್ವಾ ಆ ಲಕ್ಷ್ಮೀ? ತೋರಸು,” ಅಂತ ನಕ್ಕರು. ಎಲುಬು ಹೊರಗೆ ಕಾಣುವುದಿಲ್ಲವಲ್ಲ? ಅತ್ತೆ ಅವರ ಬೆರಳನ್ನು ನನ್ನ ಮಣಿಕಟ್ಟಿನ ಮೇಲೆ ಇಡಿಸಿ, “ಎತ್ತ ಬೇ,” ಅಂದರು. ಬೇಡ ಅನ್ನಲು ಸಂಕೋಚ. ಎತ್ತಿದೆ.

ಮಾಮಾನ ನಗು ನಿಂತಿತು. ಬೆರಳು ಅತ್ತಿತ್ತ ಸರಿದು ಹುಡುಕಾಡಿದವು. “ಈಗ ಇತ್ತಲ್ಲ... ಅಕ್ಕಾ, ನಾಡಿನೇ ಇಲ್ಲ!” ನನ್ನ ಕೈಯನ್ನು ಮೆಲ್ಲಗೆ ಇಳಿಸಿ, ಎರಡೂ ಕೈಯಲ್ಲಿ ಹಿಡಿದು ಕುಳಿತರು. ಬಡಿತ ಮರಳಿದ ಮೇಲೆ ಅಕ್ಕನ ಕಡೆ ತಿರುಗಿದರು.

“ನನ್ನ ಬೆರಳ ಸುಮ್ನ ಜೋತ ಬಿದ್ದದ, ಯಾರಿಗೂ ತ್ರಾಸ ಕೊಡಂಗಿಲ್ಲ. ಇದು ಕೈಯಾನ ರಕ್ತಾನೇ ಹಿಚಕಲಿಕ್ಕತ್ತದ. ಎಂಥಾ ಲಕ್ಷ್ಮೀ? ಲಗೂನ ತಗಸ್ರಿ. ಇನ್ನ ಮ್ಯಾಲೆ ಬಂದವರ ಮುಂದ ಈಕಿ ಕೈ ಎತ್ತಸಬ್ಯಾಡ.”

ಅತ್ತೆ ಸೆರಗಿನ ತುದಿಯನ್ನು ಸುತ್ತಿದರು, ಬಿಚ್ಚಿದರು. “ಹಂಗಾದ್ರ ತಗಸೂಣು,” ಅಂದರು. ನಮ್ಮ ಯಜಮಾನರು ಅಲ್ಲೇ ಕೂತು ಮಿರಜಿಗೆ ಫೋನ್ ಹಚ್ಚಿದರು. ಸೋಮವಾರ ಅಡ್ಮಿಟ್.

ತೆಗೆಸುವುದೇ ಸರಿ ಅಂತ ನನಗೂ ಅನ್ನಿಸುತ್ತದೆ. ಆದರೆ ಎಲುಬಿನ ಪಕ್ಕದಲ್ಲೇ ಕೈಯ ನರಗಳಿವೆ, ತುಸು ಅಪಾಯವಿದೆ ಎಂದೂ ಡಾಕ್ಟರು ಹೇಳಿದ್ದರು. ಈ ಕೈ ಮುಂದೆಯೂ ಸೂಜಿಗೆ ದಾರ ಪೋಣಿಸುತ್ತದೆಯೇ ಅಂತ ಅವರನ್ನು ಕೇಳಿ, ಆಮೇಲೆ ಹೂಂ ಅನ್ನಬೇಕೆಂದಿದ್ದೆ. ನಾನು ಓದಿದ ಕಾನ್ವೆಂಟ್ ಶಾಲೆಯಲ್ಲಿ ಸಿಸ್ಟರ್ ಕಲಿಸಿದ್ದರು, ಮಾತಾಡುವ ಮೊದಲು ಕೈ ಎತ್ತಬೇಕು.

ಕೈ ಎತ್ತಬಾರದವಳು ಹೇಗೆ ಕೇಳಬೇಕು?